ಸೆಟ್ಟೇರಿದ ಪದ

ಕನ್ನಡ ಪತ್ರಿಕೆಗಳ ಸಿನಿಮಾ ಪುಟದಲ್ಲಿ ಹೊಸ ಚಿತ್ರ ಬರೀ ಶುರುವಾಗುವುದು ಕಡಿಮೆ. ಅದು ಸೆಟ್ಟೇರುತ್ತದೆ. ರಾಜ ಗದ್ದುಗೆ ಏರುತ್ತಾನೆ, ಮದುಮಗಳು ಹಸೆಮಣೆ ಏರುತ್ತಾಳೆ, ಸಿನಿಮಾ ಸೆಟ್ಟೇರುತ್ತದೆ. ಸೆಟ್ಟು ಇಂಗ್ಲಿಷಿನದು, ಏರುವ ಠೀವಿ ನಮ್ಮದು. ಬಿಡಿಸಿ ನೋಡಿದರೆ ಮೇಷ್ಟ್ರು ಹೇಳಿಕೊಟ್ಟ ಅದೇ ಲೋಪಸಂಧಿ. ಸಂಧಿಗೆ ಒಗ್ಗಿದ ಪದವನ್ನು ಪರಕೀಯ ಅನ್ನುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ.

ಆ ಒತ್ತಕ್ಷರವೂ ಕನ್ನಡದ ಕೊಡುಗೆಯೇ. ಕೋಟು, ಗೇಟು, ಕಾರು ಇವುಗಳಲ್ಲಿ ಹಿಂದಿನ ಸ್ವರ ದೀರ್ಘ, ಹಾಗಾಗಿ ಒತ್ತು ಬೇಕಿಲ್ಲ. ಬಸ್ಸು, ಪೆನ್ನು, ಸೆಟ್ಟು ಇವುಗಳಲ್ಲಿ ಸ್ವರ ಹ್ರಸ್ವ, ಕೂಡಲೇ ನಾಲಿಗೆ ಒತ್ತುತ್ತದೆ. ಶಾಲೆಯ ಮೆಟ್ಟಿಲು ಹತ್ತದವರೂ ಇದರಲ್ಲಿ ತಪ್ಪುವುದಿಲ್ಲ.

ತವರಿನಲ್ಲಿ ಈ ಪದದ ಸಂಸಾರ ಬಹಳ ದೊಡ್ಡದು. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು 'ಸೆಟ್' ಪದದ್ದೇ. ಕ್ರಿಯಾಪದಕ್ಕೇ ಸುಮಾರು 430 ಅರ್ಥ, ವಿವರಣೆಗೆ 60,000 ಪದಗಳಷ್ಟು ಜಾಗ. ಒಂದು ಕಾದಂಬರಿಯೇ ಆಯಿತು. ಆಮೇಲೆ ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತು 'ರನ್' ಪದಕ್ಕೆ 645 ಅರ್ಥ ಬಿಡಿಸಿದರು; ಆ ಪಟ್ಟ ಈಗ 'ಸೆಟ್' ಕೈಯಲ್ಲಿಲ್ಲ. ಕನ್ನಡದಲ್ಲಿ ಸೂರ್ಯ ಮುಳುಗುತ್ತಾನೆ, ಮೊಸರು ಹೆಪ್ಪುಗಟ್ಟುತ್ತದೆ, ಬಲೆ ಒಡ್ಡುತ್ತೇವೆ, ಬೆಂಕಿ ಹಚ್ಚುತ್ತೇವೆ, ಮುರಿದ ಮೂಳೆ ಕೂಡಿಸುತ್ತೇವೆ, ಊಟಕ್ಕೆ ಎಲೆ ಹಾಕುತ್ತೇವೆ. ಇಷ್ಟನ್ನೂ ಇಂಗ್ಲಿಷ್ ಆ ಒಂದೇ ಪದದಿಂದ ಸುಧಾರಿಸುತ್ತದೆ.

ಇಷ್ಟೆಲ್ಲ ಅರ್ಥಗಳ ಬುಡದಲ್ಲಿರುವುದು ಬಹಳ ಸರಳವಾದ ಕೆಲಸ: ಕೂರಿಸುವುದು. ಇಂಗ್ಲಿಷಿನ 'ಸಿಟ್' ಕೂರು, 'ಸೆಟ್' ಕೂರಿಸು. ನಮ್ಮ ಪ್ರೇರಣಾರ್ಥಕದ ಹಾಗೆಯೇ ಹುಟ್ಟಿದ್ದು. ಕನ್ನಡದ 'ಕೂರಿಸು' ಕೂಡ ಕಡಿಮೆ ಆಸಾಮಿಯಲ್ಲ. ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ. ಚಿತ್ರಸಾಹಿತಿ ಟ್ಯೂನಿಗೆ ಪದ ಕೂರಿಸುತ್ತಾನೆ. ಹೊಲಿಸಿದ ರವಿಕೆಯ ತೋಳು ಕೂರದಿದ್ದರೆ ಟೈಲರಿಗೆ ಪೂಜೆ. ಈ ನಾಲ್ಕರಲ್ಲಿ ಗಣಪತಿಯೊಬ್ಬನೇ ನಿಜವಾಗಿ ಕೂತವನು.

ಸಂಸ್ಕೃತದಲ್ಲಿ ಕೂರುವುದಕ್ಕೆ ಇರುವ 'ಸದ್' ಧಾತುವೂ ಇಂಗ್ಲಿಷಿನ ಸಿಟ್ಟೂ ಒಂದೇ ಮೂಲದವು ಎಂದು ಭಾಷಾಶಾಸ್ತ್ರ ಹೇಳುತ್ತದೆ. ಸದನ, ಸದಸ್ಯ, ಸಂಸತ್ತು, ಪರಿಷತ್ತು ಎಲ್ಲ ಅದೇ ಧಾತುವಿನವು. 1915ರಲ್ಲಿ ಹುಟ್ಟಿದ ನಮ್ಮ ಸಾಹಿತ್ಯ ಪರಿಷತ್ತಿನ ಹೆಸರಿಗೂ ಅಲಾರಂ 'ಸೆಟ್' ಮಾಡುವುದಕ್ಕೂ ದೂರದ ನಂಟಿದೆ ಅಂದರೆ ಕೆಲವರಿಗೆ ಕೋಪ ಬಂದೀತು, ಬರಲಿ.

ಇಲ್ಲೊಂದು ತಿರುವು ಇದೆ. ಗುಂಪು, ಜೋಡಿ ಅನ್ನುವ ಅರ್ಥದ 'ಸೆಟ್' ಬೇರೆ ಮನೆತನದ್ದು. ಅದು ಲ್ಯಾಟಿನ್ನಿನ 'ಸೆಕ್ಟಾ', ಅಂದರೆ ಹಿಂಬಾಲಿಸುವವರ ಬಳಗ, ಫ್ರೆಂಚಿನ ಮೂಲಕ ಬಂದದ್ದು. ಇಂಗ್ಲಿಷಿನಲ್ಲಿ ಎರಡೂ ಬೆರೆತು ಈಗ ಬೇರ್ಪಡಿಸಲಾರದಂತಾಗಿವೆ. ಈ ಎರಡನೆಯದರ ಬೇರಿಗೆ ಸಂಸ್ಕೃತದ ನೆಂಟ 'ಸಚ್', ಜತೆಯಲ್ಲಿರು ಅಂತ. ಸಚಿವ ಅನ್ನುವ ಪದ ಅದರಿಂದಲೇ. ಹತ್ತು ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಎಂದು ಸಚಿವರು ಸಾರಿದಾಗ ಆ ಒಂದೇ ವಾಕ್ಯದಲ್ಲಿ ದಾಯಾದಿಗಳಿಬ್ಬರು ಮುಖಾಮುಖಿಯಾಗುತ್ತಾರೆ. ಪಂಪಿನ ಜತೆಗೆ ಮೋಟರು ಇರುವುದರಿಂದ ಅದು ಸೆಟ್ಟು. ಕಾಗದಪತ್ರದ ಆಚೆ, ರೈತನ ಬಾಯಲ್ಲಿ, ಅದು ಬರೀ 'ಮೋಟ್ರು'. ತ್ರೀಫೇಸ್ ಬಂದಾಗ ಯಾರೂ ಪಂಪ್‌ಸೆಟ್ ಹಾಕುವುದಿಲ್ಲ, ಮೋಟ್ರು ಹಾಕಿ ಬರುತ್ತಾರೆ.

ಸೆಟ್ ದೋಸೆಯೂ ಈ ಜತೆಯ ಮನೆತನದ್ದೇ. ಒಂದರ ಮೇಲೊಂದು ಮೆತ್ತಗಿನ ದೋಸೆ, ಪಕ್ಕದಲ್ಲಿ ಸಾಗು, ಚಟ್ನಿ. ಸಕ್ಕರೆ ಕಾಯಿಲೆಯವರೊಬ್ಬರು "ಒಂದೇ ಒಂದು ಸೆಟ್ ದೋಸೆ ಕೊಡಪ್ಪಾ" ಅನ್ನುತ್ತಾರೆ. ಮಾಣಿಗೆ ಅನುಮಾನ: "ಒಂದು ಸೆಟ್ಟಾ ಸಾರ್, ಸೆಟ್ಟಲ್ಲಿ ಒಂದಾ?" ಒಂದೇ ಇದ್ದರೆ ಅದು ಹೇಗೆ ಸೆಟ್ಟಾಗುತ್ತದೆ ಅನ್ನುವವರು ಗಣಿತ ಪುಸ್ತಕ ತೆರೆಯಬೇಕು. ಅಲ್ಲಿ ಸೆಟ್ ಅಂದರೆ ಗಣ. ಒಂದೇ ಅಂಶವಿರುವ ಗಣಕ್ಕೂ ಮರ್ಯಾದೆಯುಂಟು, ಏನೂ ಇಲ್ಲದ ಶೂನ್ಯ ಗಣಕ್ಕೂ ಉಂಟು. ಖಾಲಿ ದೋಸೆ ಅನ್ನುವ ಹೆಸರಿನ ಬಗ್ಗೆ ಗಣಿತಜ್ಞರು ಏನನ್ನುತ್ತಾರೋ.

ನನ್ನ ತಕರಾರು ಇರುವುದು ಈಚೆಗೆ ಎಲ್ಲೆಲ್ಲೂ ಕೇಳುವ 'ಸೆಟ್ ಆಗಲ್ಲ' ಅನ್ನುವುದರ ಮೇಲೆ. ಗಂಡ ಹೆಂಡತಿ, ಅಂಗಿಯ ಬಣ್ಣ, ಆಫೀಸಿನ ಪಾಳಿ, ಬೆಂಗಳೂರಿನ ಚಳಿ, ಯಾವುದಕ್ಕೂ ಅದೇ ಮಾತು. ಹವೆ, ನೀರು ಮೈಗೆ ಒಗ್ಗಲಿಲ್ಲ ಅನ್ನುತ್ತಿದ್ದೆವು. ಬಣ್ಣ ಹೊಂದಲಿಲ್ಲ. ಜಾತಕ ಕೂಡಿಬರಲಿಲ್ಲ. ಅತ್ತೆ ಸೊಸೆಯರದು ಎಣ್ಣೆ ಸೀಗೇಕಾಯಿ. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು 'ಆಗಿಬರಲಿಲ್ಲ'. "ಆ ಮನೆ ನಮಗೆ ಆಗಿಬರಲಿಲ್ಲ" ಅಂದರೆ ಗೋಡೆ ಬಿರುಕು ಬಿಟ್ಟಿತ್ತು ಅಂತಲ್ಲ. ಅಲ್ಲಿಗೆ ಹೋದ ಮೇಲೆ ವ್ಯಾಪಾರ ಕುಸಿಯಿತು, ಯಾರೋ ಹಾಸಿಗೆ ಹಿಡಿದರು, ಹೇಳಲಾಗದ್ದೂ ಏನೋ ನಡೆಯಿತು. ಕೇಳಿದವರು ಮುಂದೆ ಕೆದಕುವುದಿಲ್ಲ. "ಆ ಮನೆ ಸೆಟ್ ಆಗಲಿಲ್ಲ" ಅಂದು ನೋಡಿ, ಪಾರ್ಕಿಂಗ್ ಇರಲಿಲ್ಲವಾ ಅಂತ ಕೇಳುತ್ತಾರೆ.

ಬೋಧಿಸಿ ತಡೆಯುವ ಸಂಗತಿ ಇದಲ್ಲ, ಬಲ್ಲೆ. ಹಲ್ಲಿನ ಡಾಕ್ಟರ ಬಳಿ ಕಟ್ಟುಹಲ್ಲು ಹಾಕಿಸಿಕೊಂಡ ಅಜ್ಜಿಯೊಬ್ಬರು ದವಡೆ ಒತ್ತಿಕೊಳ್ಳುತ್ತಾ ದೂರುತ್ತಿದ್ದರು: "ಈ ಸೆಟ್ಟು ಸರಿಯಾಗಿ ಕೂತಿಲ್ಲ ಕಣಪ್ಪಾ." ಡಾಕ್ಟರು ಕನ್ನಡಿ ಹಿಡಿದು ಇಣುಕಿದರು. "ಒಂದು ವಾರ ಹಾಕ್ಕೊಂಡಿರಿ ಅಜ್ಜಿ, ಸೆಟ್ ಆಗುತ್ತೆ."