ಬಾಬಾಸಾಹೇಬರನ್ನ ನೋಡಿಕೊಂಡ ಆ ನೆರೆಯವರು ಯಾರು?

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಆಫೀಸಲ್ಲಿ ಊಟದ ಹೊತ್ತಲ್ಲಿ ಮಕ್ಕಳ ಮಾತು ಬಂತು. ನನ್ನ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ನಾನು ಕಚೇರಿಗೆ, ಮಗಳು ಸ್ಕೂಲ್ ಬಿಟ್ಟ ಮೇಲೆ ನಾವು ಬರೋವರೆಗೂ ಪಕ್ಕದ ಮನೆ ಚಾಚಿ ಹತ್ರ ಇರ್ತಾಳೆ ಅಂದೆ. ಎದುರು ಕೂತಿದ್ದ ಮೇಡಂ ಕೈಲಿದ್ದ ತುತ್ತು ಅಲ್ಲೇ ನಿಲ್ಲಿಸಿ, "ಅಯ್ಯೋ, ಅದ್ಹೇಗ್ರೀ ನಂಬಿ ಬಿಡ್ತೀರಾ? ಅವರ ಮನೇಲಿ ಏನೇನೋ ತಿಂತಾರೆ" ಅಂದ್ರು. ನಂಬಿಕೆ ಅಂತ ಶುರುವಾದ ಮಾತು ಒಂದೇ ಉಸಿರಲ್ಲಿ ಊಟಕ್ಕೆ ಬಂದು ನಿಂತಿತ್ತು. ನಾವೂ ಅದನ್ನೇ ತಿನ್ನೋರು ಅಂತ ಅವರಿಗೆ ಗೊತ್ತಿಲ್ಲ ಅಂತೇನಿಲ್ಲ. ನಾನು ಏನೂ ಹೇಳಲಿಲ್ಲ. ಟಪಾಲು ಬಾಕಿ ಇತ್ತು, ಎದ್ದುಬಂದೆ.

ರಾತ್ರಿ ಮನಸ್ಸು ತಡೀಲಿಲ್ಲ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ತೆಗೆದೆ. ಅವರು ಬದುಕಿದ್ದಾಗ ಅಚ್ಚಾಗದ ಸಣ್ಣ ಬರಹ ಅದು, 1990ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಪುಸ್ತಕವಾಗಿ ತಂದಿತು. ಅದರ ಮೊದಲ ಪ್ರಸಂಗ ನಿಮಗೆಲ್ಲ ಗೊತ್ತು. 1901ರ ಗೋರೆಗಾಂವ್ ಪ್ರಯಾಣ, ಮಸೂರ್ ಸ್ಟೇಷನ್, ಎತ್ತಿನಗಾಡಿ, ನೀರು. ಭಾಷಣದಲ್ಲಿ ನಾನೇ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಆದರೆ ಪ್ರಯಾಣಕ್ಕೆ ಮುಂಚೆ ಅವರು ಹೇಳಿರೋ ಒಂದು ಸಂಗತಿಯನ್ನ ಇಷ್ಟು ವರ್ಷ ದಾಟಿಕೊಂಡೇ ಹೋಗಿದ್ದೆ.

ತಾಯಿ ತೀರಿಕೊಂಡಿದ್ದರು. ತಂದೆ ರಾಮಜಿ ದೂರದ ಗೋರೆಗಾಂವ್‌ನಲ್ಲಿ ಕ್ಯಾಷಿಯರ್ ಕೆಲಸದಲ್ಲಿದ್ದರು. ಭೀಮರಾವ್, ಅವರಣ್ಣ, ತೀರಿಹೋದ ದೊಡ್ಡಕ್ಕನ ಇಬ್ಬರು ಗಂಡುಮಕ್ಕಳು, ಇಷ್ಟು ಜನ ಸಾತಾರದಲ್ಲಿದ್ದರು. ನೋಡಿಕೊಳ್ಳೋಕೆ ಇದ್ದದ್ದು ಸೋದರತ್ತೆ. ಅಂಥ ಒಳ್ಳೇ ಜೀವ ಇನ್ನೊಂದಿಲ್ಲ ಅನ್ನೋ ಹಾಗೆ ಆಕೆ ಬಗ್ಗೆ ಬರೀತಾರೆ. ಆದರೆ ಆಕೆ ಕುಳ್ಳಗಿದ್ದರು, ಕಾಲಿನ ತೊಂದರೆ ಬೇರೆ, ಇನ್ನೊಬ್ಬರ ಆಸರೆ ಇಲ್ಲದೆ ಓಡಾಡೋದೇ ಕಷ್ಟ. ಹಾಗಾಗಿ ಅಡುಗೆ ಮಕ್ಕಳೇ ಮಾಡ್ಕೋತಿದ್ದರು. ಚಪಾತಿ ಲಟ್ಟಿಸೋಕೆ ಬರ್ತಿರಲಿಲ್ಲ, ಅದಕ್ಕೆ ಪಲಾವ್. ಮತ್ತೆ ಅತ್ತೆ ಜೊತೆಗೆ ಮಕ್ಕಳ ಮೇಲೆ ಕಣ್ಣಿಟ್ಟಿದ್ದವರು ಕೆಲವರು ಕರುಣೆಯುಳ್ಳ ನೆರೆಹೊರೆಯವರು.

ಅಷ್ಟೇ. ಆ ನೆರೆಯವರ ಹೆಸರಿಲ್ಲ, ಎಷ್ಟು ಜನ ಗೊತ್ತಿಲ್ಲ, ಏನು ಮಾಡಿದರು ಅನ್ನೋದೂ ಇಲ್ಲ. ಮುಂದಿನ ಸಾಲಿಗೇ ಕತೆ ಮುಂದೆ ಹೋಗುತ್ತೆ. ನಾನು ಅಲ್ಲೇ ನಿಂತೆ. ನಾಲ್ಕು ತಬ್ಬಲಿ ಮಕ್ಕಳಿರೋ ಮನೆಗೆ ಸಂಜೆ ಯಾರೋ ಬಂದು ಒಲೆ ಆರಿಸಿದ್ದಾರಾ, ಬಾಗಿಲು ಹಾಕ್ಕೊಂಡಿದ್ದಾರಾ ಅಂತ ನೋಡಿ ಹೋಗಿರಬೇಕು. ಯಾರಿಗೋ ಜ್ವರ ಬಂದಾಗ ಯಾರೋ ಕಷಾಯ ಕಾಸಿರಬೇಕು. ಆ ಹೆಂಗಸರು ಇಲ್ಲದಿದ್ದರೆ ಏನಾಗ್ತಿತ್ತು ಅಂತ ಯೋಚನೆ ಮಾಡಿ.

ಇನ್ನು ಪ್ರಯಾಣ ನೋಡಿ. ಅತ್ತೆ ಅಳ್ತಾ ಕಳಿಸಿಕೊಟ್ಟ ಮಕ್ಕಳು ಹೊಸ ಬಟ್ಟೆ, ಜರಿ ಟೋಪಿ ಹಾಕ್ಕೊಂಡು ಮಸೂರ್‌ನಲ್ಲಿ ಇಳೀತವೆ. ಕಾಗದ ತಲುಪದೆ ತಂದೆ ಬಂದಿಲ್ಲ. ಸ್ಟೇಷನ್ ಮಾಸ್ಟರ್ ಮೊದಲು ಮರುಕ ತೋರಿಸ್ತಾನೆ. ಜಾತಿ ಕೇಳಿ ಮಹಾರ್ ಅಂತ ಗೊತ್ತಾದ ತಕ್ಷಣ ಅವನ ಮುಖ ಬೇರೆ ಆಗುತ್ತೆ. ಗಾಡಿಯವರು ಯಾರೂ ಬರಲ್ಲ. ಕೊನೆಗೊಬ್ಬ ಎರಡರಷ್ಟು ಬಾಡಿಗೆಗೆ ಒಪ್ತಾನೆ, ಅದೂ ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡ್ಕೊಂಡು ಬರೋದು. ಬುತ್ತಿ ಇದೆ, ಕುಡಿಯೋಕೆ ನೀರು ಸಿಗಲ್ಲ. ಹಸಿದೇ ಮಲಗ್ತಾರೆ.

ಒಂದೇ ಮಕ್ಕಳು. ತಮ್ಮವರ ಮನೆಗಳ ನಡುವೆ ಇರೋವರೆಗೂ ಊರಿಗೇ ಬೇಕಾದವು. ಅಲ್ಲಿಂದ ಹತ್ತು ಮೈಲಿ ದಾಟಿದ ಮೇಲೆ ಯಾರಿಗೂ ಬೇಡ. 'ನೆರೆಹೊರೆ' ಅನ್ನೋ ಪದಕ್ಕೆ ನಮ್ಮ ಚರಿತ್ರೆಯಲ್ಲಿ ಒಂದು ಎಲ್ಲೆಗಲ್ಲು ಇದೆ. ಅದು ಕೇರಿಯ ಬಾಯಲ್ಲಿ ನಿಂತಿದೆ.

ನಾನು ಹುಟ್ಟಿದ್ದು ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ನಾಲೆ ನೀರಿನ ಸೀಮೆ, ಭತ್ತದ ಗದ್ದೆ. ಗದ್ದೆ ಅವರದು, ನಾಟಿ ನಮ್ಮವ್ವಂದಿರದು. ಬೆಳಿಗ್ಗೆ ಏಳಕ್ಕೆಲ್ಲ ಕೆಸರಿಗೆ ಇಳೀಬೇಕು. ಬಾಣಂತನ ಮುಗಿದು ಎರಡು ಮೂರು ತಿಂಗಳಾದವರೂ ಇಳೀತಿದ್ದರು. ಕೂಸುಗಳನ್ನ ಬಿಡ್ತಿದ್ದದ್ದು ನಮ್ಮ ಕೇರಿಯ ಒಬ್ಬ ಅಜ್ಜಿ ಜಗಲಿ ಮೇಲೆ. ಅಜ್ಜಿಗೆ ಒಂದು ಕಣ್ಣಿಗೆ ಪೊರೆ ಬಂದಿತ್ತು. ನಾಟಿ ಕಾಲದಲ್ಲಿ ಎಂಟು ಒಂಬತ್ತು ಮಕ್ಕಳು. ತೆವಳೋ ಮಕ್ಕಳ ಕಾಲಿಗೆ ಹಳೇ ಸೀರೆ ಅಂಚು ಕಟ್ಟಿ ಕಂಬಕ್ಕೆ ಬಿಗೀತಿದ್ದಳು, ನಾಲೆ ಕಡೆ ಹೋಗ್ಬಾರದು ಅಂತ. ಕಾಸು ಇಲ್ಲ. ಸುಗ್ಗೀಲಿ ಒಬ್ಬೊಬ್ಬರು ಒಂದೊಂದು ಮೊರ ಭತ್ತ ಸುರಿದು ಹೋಗ್ತಿದ್ದರು, ಅದೂ ಇದ್ದವರು. ನಮ್ಮ ಕಡೆ ಸೂಲಗಿತ್ತಿಯರೂ ನಮ್ಮವರೇ. ಮೇಲಿನ ಬೀದಿ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅದೇ, ಆದರೆ ಆ ಮಕ್ಕಳಿಗೆ ನೀರು ಹಾಕಿದ ಮೇಲೆ ಆ ಕೈ ಮುಟ್ಟೋ ಹಾಗಿಲ್ಲ. ಇರಲಿ, ಅದು ಬೇರೆಯೇ ಪೋಸ್ಟ್ ಆಗುತ್ತೆ.

ಈ ಅಜ್ಜಿಯರ ಕತೆಯನ್ನ ಬರೀ ಸಿಹಿಯಾಗಿ ಬರೆದು ಲೈಕ್ ತಗೊಳ್ಳೋಕೆ ನನಗೆ ಇಷ್ಟ ಇಲ್ಲ. ಒಂದು ವರ್ಷ ಗಂಟು ಬಿಚ್ಚಿಕೊಂಡು ಎರಡು ವರ್ಷದ ಒಂದು ಗಂಡುಕೂಸು ನಾಲೆ ಪಾಲಾಯ್ತು. ಅಜ್ಜಿ ಆಗ ಇನ್ನೊಂದು ಮಗೂಗೆ ಸರಿ ತಿನ್ನಿಸ್ತಿದ್ದಳಂತೆ. ಮೂರು ದಿನ ಊಟ ಬಿಟ್ಟಳು, ಯಾರ ಮುಖಾನೂ ನೋಡಲಿಲ್ಲ. ನಾಟಿ ಇನ್ನೂ ಮುಗಿದಿರಲಿಲ್ಲ. ನಾಲ್ಕನೇ ದಿನ ಮಕ್ಕಳನ್ನ ಮತ್ತೆ ಅದೇ ಜಗಲಿಗೆ ತಂದು ಬಿಟ್ಟರು. ಕೂಸು ಕಳಕೊಂಡ ಆ ತಾಯಿಯೂ ತನ್ನ ದೊಡ್ಡ ಮಗಳನ್ನ ಅಲ್ಲೇ ತಂದು ಕೂರಿಸಿ ಗದ್ದೆಗೆ ಹೋದಳು. ನಮ್ಮವ್ವ ಇದನ್ನ ಹೇಳೋವಾಗ ಪ್ರತೀ ಸಲ ಇಲ್ಲಿಗೆ ನಿಲ್ಲಿಸಿಬಿಡ್ತಾಳೆ. ಇದನ್ನ ನಂಬಿಕೆ ಅನ್ನಲಾ, ಬೇರೆ ಗತಿ ಇರಲಿಲ್ಲ ಅನ್ನಲಾ? ನನಗೆ ಇವತ್ತಿಗೂ ಎರಡನ್ನೂ ಬಿಡಿಸೋಕೆ ಬಂದಿಲ್ಲ.

ಹಾಗಾದರೆ ಸರ್ಕಾರ, ಕಾನೂನು ಎಲ್ಲಿದ್ದವು? ಇದ್ದವು, ಅದೇ ತಮಾಷೆ. ಬಾಬಾಸಾಹೇಬರು 1928ರಲ್ಲೇ ಬಾಂಬೆ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಪರವಾಗಿ ಮಾತಾಡಿದರು, 1929ರಲ್ಲಿ ಕಾಯ್ದೆ ಆಯ್ತು. ಅವರು 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿದರು. ಗಣಿಗಳಲ್ಲಿ ಕೂಸುಗಳಿಗೆ ಜಾಗ ಮಾಡಬೇಕು ಅನ್ನೋ ನಿಯಮ 1946ರದ್ದು. ಆಮೇಲೆ 1948ರ ಕಾರ್ಖಾನೆ ಕಾಯ್ದೆ, 48ನೇ ಸೆಕ್ಷನ್: ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯೋ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ. 1976ರಲ್ಲಿ ಐವತ್ತನ್ನ ಮೂವತ್ತಕ್ಕೆ ಇಳಿಸಿದರು. 1951ರ ಪ್ಲಾಂಟೇಷನ್ ಕಾಯ್ದೆಯಲ್ಲೂ ಐವತ್ತು ಹೆಂಗಸರು. 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲೂ ಐವತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಾಗಲೂ ಐವತ್ತು ಜನ ನೌಕರರು.

ಈ ಐವತ್ತು ಅನ್ನೋ ಅಂಕಿಯನ್ನ ಒಂದ್ಸಲ ನಮ್ಮೂರ ಗದ್ದೆ ಬದುವಿನ ಮೇಲೆ ನಿಲ್ಲಿಸಿ ನೋಡಿ. ಒಂದು ಗದ್ದೆಗೆ ಹನ್ನೆರಡು ಆಳು, ಜಾಸ್ತಿ ಅಂದ್ರೆ ಹದಿನೈದು. ಇವತ್ತು ಇವರ ಗದ್ದೆ, ನಾಳೆ ಇನ್ನೊಬ್ಬರದು. ಹಾಜರಿ ಪುಸ್ತಕ ಇಲ್ಲ, ಗೇಟ್ ಇಲ್ಲ. ಮನೆ ಕಟ್ಟಿಕೊಂಡು ಬೀಡಿ ಸುತ್ತೋಳು ಒಬ್ಬಳೇ. ಮನೆಗೆಲಸಕ್ಕೆ ಹೋಗೋಳು ಒಬ್ಬಳೇ. ದಲಿತ ಹೆಂಗಸು ಅತಿ ಹೆಚ್ಚು ದುಡಿದ ಜಾಗಗಳು ಯಾವುವೋ ಅವೇ ಲೆಕ್ಕದಿಂದ ಹೊರಗೆ ಉಳಿದವು. ಯಾರೋ ಕೂತು ಪಿತೂರಿ ಮಾಡಿದರು ಅಂತ ನಾನು ಹೇಳ್ತಿಲ್ಲ. ತಲೆ ಎಣಿಸೋವಾಗ ನಮ್ಮ ತಲೆ ಅವರ ಕಣ್ಣಿಗೇ ಬೀಳಲಿಲ್ಲ, ಕ್ಲಾರ್ಕ್ ಆಗಿ ನನಗೆ ಗೊತ್ತು, ನಮೂನೆಯಲ್ಲಿ ಕಾಲಂ ಇಲ್ಲದಿದ್ದರೆ ಮನುಷ್ಯನೂ ಇಲ್ಲ.

ಒಳಗೆ ಬಂದವರ ಪಾಡೂ ಕೇಳಿ. ನನ್ನ ಹೆಂಡತಿ ಕೆಲಸಕ್ಕಿದ್ದ ಒಂದು ಫ್ಯಾಕ್ಟರಿಯಲ್ಲಿ ಕೂಸುಗಳ ಕೋಣೆ ಇತ್ತು. ತೊಟ್ಟಿಲು, ಗೋಡೆ ಮೇಲೆ ಆನೆ, ಬಾತುಕೋಳಿ ಚಿತ್ರ ಎಲ್ಲ. ಮಗೂನ ಕರ್ಕೊಂಡು ಬರ್ತೀನಿ ಅಂದಿದ್ದಕ್ಕೆ ಸೂಪರ್‌ವೈಸರ್ "ಪ್ರೊಡಕ್ಷನ್ ಕಡಿಮೆ ಆದ್ರೆ ನೀನೇ ಜವಾಬ್ದಾರಿ" ಅಂದನಂತೆ. ಕೂಸು ಎತ್ಕೊಂಡು ಒಂದು ಗಂಟೆ ಟೆಂಪೋದಲ್ಲಿ ನಿಂತು ಹೋಗೋದು ಬೇರೆ. ಮಗಳು ಚಾಚಿ ಹತ್ರ ಉಳಿದದ್ದು ಹೀಗೆ.

ಇನ್ನು ಅಂಗನವಾಡಿ. ನಮ್ಮ ತಾಲ್ಲೂಕಿಗೆ ಒಂದು ಹೆಮ್ಮೆ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೊಟ್ಟಮೊದಲು ಶುರುವಾಗಿದ್ದು ಟಿ. ನರಸೀಪುರದಲ್ಲಿ, ನೂರು ಅಂಗನವಾಡಿಗಳಿಂದ. ಅದರಿಂದ ಆದ ಒಳ್ಳೇದನ್ನ ನಾನು ಅಲ್ಲಗಳೆಯಲ್ಲ. ಚುಚ್ಚುಮದ್ದು, ಪೌಷ್ಟಿಕ ಆಹಾರ, ಸ್ಲೇಟು ಎಲ್ಲ ನಮ್ಮ ಕೇರಿಗೆ ಬಂದದ್ದು ಅದರಿಂದಲೇ. ಆದರೆ ಅವ್ವ ಗದ್ದೆಗೆ ಇಳಿಯೋದು ಏಳಕ್ಕೆ, ಟೀಚರ್ ಬಾಗಿಲು ತೆಗೆಯೋದು ಬಿಸಿಲೇರಿದ ಮೇಲೆ. ಅಲ್ಲಿ ಕೂತು ಕಲಿಯೋದು ಮೂರರಿಂದ ಆರು ವರ್ಷದ ಮಕ್ಕಳು. ಮೂರಕ್ಕಿಂತ ಚಿಕ್ಕವಕ್ಕೆ ಆಹಾರದ ಪೊಟ್ಟಣ ಮನೆಗೆ ಕೊಡ್ತಾರೆ. ಮನೇಲಿ ಯಾರಿದ್ದಾರೆ ತಿನ್ನಿಸೋಕೆ? ಅದಕ್ಕೂ ಅದೇ ಅಜ್ಜಿ. ಇನ್ನು ನಮ್ಮೂರಲ್ಲಿ ಅಂಗನವಾಡಿ ಇದ್ದದ್ದು ಮೇಲಿನ ಬೀದೀಲಿ. ನಮ್ಮನ್ನ ಬಾಗಿಲ ಹತ್ರ ಬೇರೆ ಸಾಲಲ್ಲಿ ಕೂರಿಸ್ತಿದ್ದರು. ನಾನು ಒಂದು ವಾರ ಹೋಗಿ ಅತ್ತೂ ಕರೆದೂ ಜಗಲಿಗೇ ವಾಪಸ್ ಬಂದೆನಂತೆ.

ಊರು ಬಿಟ್ಟು ಓದೋಕೆ ಹೋದ ಮಕ್ಕಳ ಚರಿತ್ರೆಯೂ ಇದರದೇ ಮುಂದುವರಿಕೆ. ಬಾಡಿಗೆ ರೂಮು ಕೊಡೋರಿಲ್ಲ, ಅನ್ನ ಹಾಕೋರಿಲ್ಲ. ಬಾಬಾಸಾಹೇಬರು 1928ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ನಡೆಸಿದ ಹಾಸ್ಟೆಲುಗಳಲ್ಲಿ ನಮ್ಮ ಧಾರವಾಡದ್ದೂ ಒಂದು. ನೋಡಿಕೊಳ್ತಿದ್ದವರು ಬಳವಂತರಾವ್ ವರಾಳೆ. ರಮಾತಾಯಿ ಅವರ ಮನೆಯಲ್ಲಿ ಉಳಿದಿದ್ದಾಗ ಹಾಸ್ಟೆಲ್‌ಗೆ ದುಡ್ಡು ಬಾರದೆ ಮಕ್ಕಳು ಉಪವಾಸ ಇದ್ದದ್ದು ನೋಡಿ ಕೈಬಳೆ ಬಿಚ್ಚಿಕೊಟ್ಟರು ಅಂತ ನಮ್ಮ ಚಳವಳಿಯಲ್ಲಿ ಹೇಳ್ಕೊಂಡು ಬಂದಿದ್ದೇವೆ. ನಾನು ಈ ಕತೆ ಕೇಳಿದಾಗ ಬಳೆಗಿಂತ ಹೆಚ್ಚು ಯೋಚಿಸೋದು ಆ ಮಕ್ಕಳ ತಂದೆ ತಾಯಿ ಬಗ್ಗೆ. ಯಾವುದೋ ಹಳ್ಳಿಯಿಂದ, ಕಾಗದ ಬರೆಯೋಕೂ ಬಾರದವರು, ಮುಖ ನೋಡದ ಒಬ್ಬರನ್ನ ನಂಬಿ ಮಗನ್ನ ಕಳಿಸಿದ್ದಾರೆ. 'ನಮ್ಮೋರು' ಅನ್ನೋ ಒಂದೇ ಪರಿಚಯದ ಮೇಲೆ.

ಗದ್ದೆ, ಮಣ್ಣು ಕೆಲಸದ ತಾಯಂದಿರನ್ನ ಕಾನೂನು ಎಣಿಸಿದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನ ನೋಡಿಕೊಳ್ಳೋಕೆ ಒಬ್ಬ ಹೆಂಗಸನ್ನ ನೇಮಿಸಬೇಕು, ಆಕೆಗೂ ಕೂಲಿ ಕೊಡಬೇಕು. ಐವತ್ತಲ್ಲ, ಐದು. ಅದಕ್ಕಿಂತ ಮುಖ್ಯ, ಎಣಿಸಿದ್ದು ಮಕ್ಕಳನ್ನ. ಮಗು ನೋಡಿಕೊಳ್ಳೋದೂ ಕೂಲಿ ಕೊಡಬೇಕಾದ ಕೆಲಸ ಅಂತ ನಮ್ಮ ಹೆಂಗಸರ ವಿಷಯದಲ್ಲಿ ಒಪ್ಪಿಕೊಂಡ ಹಾಗಾಯ್ತು. ಎಷ್ಟು ಕಡೆ ಹಾಗೆ ನೇಮಿಸಿದರು ಅಂತ ನಿಮ್ಮ ನಿಮ್ಮ ಪಂಚಾಯ್ತಿಯಲ್ಲಿ ಮಾಹಿತಿ ಹಕ್ಕಿನಲ್ಲಿ ಕೇಳಿ ನೋಡಿ. ಈಗ 2023ರ ರಾಜ್ಯ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯ್ತಿಗಳಿಗೆ 'ಕೂಸಿನ ಮನೆ' ಘೋಷಣೆ ಆಯ್ತು. ಹೆಸರು ಚೆನ್ನಾಗಿದೆ. ಅದು ಯಾವ ಬೀದೀಲಿ ಇದೆ, ಅಲ್ಲಿ ಅಡುಗೆ ಯಾರದು, ಮಕ್ಕಳನ್ನ ಎತ್ತಿಕೊಳ್ಳೋ ಕೈ ಯಾರದು ಅನ್ನೋದನ್ನ ನಾವು ಹೋಗಿ ನೋಡಬೇಕು. ದಲಿತ ಹೆಂಗಸು ಅಡುಗೆ ಮಾಡ್ತಾಳೆ ಅಂತ ಮಕ್ಕಳನ್ನ ಕಳಿಸದೇ ಇರೋ ಊರುಗಳ ಸುದ್ದಿ ಇನ್ನೂ ಪೇಪರಲ್ಲಿ ಬರ್ತಾನೇ ಇದೆಯಲ್ಲ. ಆಫೀಸಿನ ಆ ಮೇಡಂ ಕೇಳಿದ್ದೂ ಅದನ್ನೇ ತಾನೆ.

ಕೊನೆಗೆ ಒಂದು ಲೆಕ್ಕ ಬಾಕಿ ಇದೆ. ಅಜ್ಜಿ ಜಗಲಿ ಮೇಲೆ ಮಕ್ಕಳು ಜಾಸ್ತಿ ಆದಾಗ ನನ್ನನ್ನ ನೋಡಿಕೊಂಡಿದ್ದು ನನ್ನ ಅಕ್ಕ. ನಾನು ಹುಟ್ಟಿದಾಗ ಅವಳು ಮೂರನೇ ಕ್ಲಾಸು. ಆ ನಾಟಿಗೆ ಅಂತ ಸ್ಕೂಲ್ ಬಿಡಿಸಿದರು, ಮತ್ತೆ ಹೋಗಲಿಲ್ಲ. ಮಧ್ಯಾಹ್ನ ನನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಗದ್ದೆ ಬದುವಿಗೆ ಬರೋಳಂತೆ, ಅವ್ವ ಕೆಸರು ಕೈ ತೊಳ್ಕೊಂಡು ಬದುವಿನ ಮೇಲೇ ಕೂತು ಹಾಲು ಕುಡಿಸಿ ಕಳಿಸೋಳಂತೆ. ನಾನು ಬಿಎ ಮಾಡಿದೆ, ಕೆಲಸ ಸಿಕ್ತು, ವೇದಿಕೆ ಹತ್ತಿ ಮಾತಾಡ್ತೀನಿ. ಅಕ್ಕ ಇವತ್ತಿಗೂ ಬಸ್ ಬೋರ್ಡು ಓದೋಕೆ ಪಕ್ಕದವರನ್ನ ಕೇಳ್ತಾಳೆ.

ಹೋದ ತಿಂಗಳು ಮನೆಗೆ ಬಂದಿದ್ದಳು. ಮಗಳಿಗೆ ಈ ಸೊಂಟದ ಕತೆ ಹೇಳಿ ನಗ್ತಾ ಇದ್ದಳು. "ನಿಮ್ಮಪ್ಪ ಕಲ್ಲಿನ ಹಂಗಿದ್ದ ಕಣೇ, ಹೊತ್ತು ಹೊತ್ತು ನನ್ನ ಸೊಂಟನೇ ಬಿದ್ದೋಯ್ತು. ಆಮೇಲೆ ನನ್ನ ಬಳಪನೂ ಅವನಿಗೇ ಕೊಟ್ಟರು." ಮಗಳು ಒಳಗೆ ಹೋಗಿ ಅವಳ ಎರಡು ಗೆರೆ ಕಾಪಿ ಪುಸ್ತಕ ತಂದು, "ದೊಡ್ಡಮ್ಮ, ಬರಿ" ಅಂತ ಪೆನ್ಸಿಲ್ ಕೊಟ್ಟಳು. ಅಕ್ಕ ತುಂಬಾ ಹೊತ್ತು ಹಿಡ್ಕೊಂಡಿದ್ದು ಹೆಸರಿನ ಮೊದಲ ಅಕ್ಷರ ಬರೆದಳು. ತಲೆಕಟ್ಟು ಹಾಕೋದು ಮರೆತಿದ್ದಳು, ಮಗಳು ಹಾಕಿಕೊಟ್ಟಳು.

ನೀವು ಇವತ್ತು ಮನೆಗೆ ಫೋನ್ ಮಾಡಿದಾಗ ಅವ್ವನ್ನ ಕೇಳಿ: ನೀನು ಕೂಲಿಗೆ ಹೋದಾಗ ನನ್ನನ್ನ ಯಾರ ಹತ್ರ ಬಿಡ್ತಿದ್ದೆ? ಹೇಳಿದ ಹೆಸರನ್ನ ಕೆಳಗೆ ಬರೀರಿ. ಊರು, ಕೇರಿ ಸಮೇತ. ಗೊತ್ತಿರೋರು ಇರೋವಾಗಲೇ ಬರೆದುಬಿಡೋಣ.