ಕಡಲು ಕೊಟ್ಟ ಔಷಧಿ

ಕಡಲನ್ನು ರತ್ನಾಕರನೆಂದು ಕರೆದವರು ನಮ್ಮ ಹಿರಿಯರು. ಆ ರತ್ನಾಕರನು ಸ್ತನದ ಕ್ಯಾನ್ಸರಿಗೂ ಒಂದು ಮದ್ದನ್ನು ಕೊಟ್ಟ ಚರಿತ್ರೆಯನ್ನು, ಕಡಲ ಮಗ್ಗುಲಿನ ಈ ಮುಂಬಯಿಯಲ್ಲಿ ನೆಲೆಸಿದ ನಾವು ಅರಿತಿರುವುದು ಒಳ್ಳೆಯದು.

ಬಂಡೆಗಂಟಿ ಬಾಳುವ ಸ್ಪಂಜಿಗೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ಇಂಥ ಜೀವಿಗಳಿಗೆ ರಾಸಾಯನಿಕ ವಿಷಗಳೇ ರಕ್ಷೆ. ಜಪಾನಿನ ಹಿರಾತ ಮತ್ತು ಉಎಮುರ ಎಂಬ ವಿಜ್ಞಾನಿಗಳು 600 ಕಿಲೋ ಸ್ಪಂಜಿನಿಂದ ಹಾಲಿಕಾಂಡ್ರಿನ್-ಬಿ ಎಂಬ ವಸ್ತುವನ್ನು ತೆಗೆದು 1986ರಲ್ಲಿ ಪ್ರಕಟಿಸಿದರು. ದೊರೆತದ್ದು 12.5 ಮಿಲಿಗ್ರಾಂ ಮಾತ್ರ! ಬ್ಯಾಂಕಿನ ಲೆಕ್ಕದವರನ್ನೂ ಬೆಚ್ಚಿಸುವ ಜಮಾಖರ್ಚಿದು. 1992ರಲ್ಲಿ ಹಾರ್ವರ್ಡಿನ ಯೋಶಿತೋ ಕಿಶಿಯವರ ತಂಡವು ಅದನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿತು. ಅದರ ಅರ್ಧಭಾಗದಲ್ಲೇ ಗುಣವಿದೆಯೆಂದು ಕಂಡುಬಂದು, ಎರಿಬುಲಿನ್ ಎಂಬ ಔಷಧಿ ಹುಟ್ಟಿತು. ಜೀವಕೋಶವು ಇಬ್ಭಾಗವಾಗಲು ಬೇಕಾದ ಸೂಕ್ಷ್ಮ ನಳಿಕೆಗಳು ಬೆಳೆಯದಂತೆ ಅದು ತಡೆಯುತ್ತದೆ. 2010ರಲ್ಲಿ ಅಮೆರಿಕವು ಅದಕ್ಕೆ ಮನ್ನಣೆಯಿತ್ತಿತು.

ಅನೇಕ ಚಿಕಿತ್ಸೆಗಳ ನಂತರವೂ ರೋಗವು ಹರಡಿದ್ದ 762 ಸ್ತ್ರೀಯರಲ್ಲಿ ಪರೀಕ್ಷೆ ನಡೆಯಿತು. ಬೇರೆ ಚಿಕಿತ್ಸೆ ಪಡೆದವರ ಮಧ್ಯಾಂಕ ಆಯುಸ್ಸು 10.6 ತಿಂಗಳು; ಎರಿಬುಲಿನ್ ಪಡೆದವರದು 13.1 ತಿಂಗಳು.

ಇಪ್ಪತ್ತನಾಲ್ಕು ವರ್ಷಗಳ ದುಡಿಮೆಗೆ ಎರಡೂವರೆ ತಿಂಗಳು! ಇದು ಅಲ್ಪವಲ್ಲ. ಮಕ್ಕಳ ಮುಖ ನೋಡುವ ತಾಯಿಗೆ ಒಂದು ದಿನವೂ ದೊಡ್ಡದೇ. ಆದರೆ ಹರಡಿದ ರೋಗಕ್ಕೆ ಈ ಮದ್ದು ಕೊಟ್ಟದ್ದು ಇಷ್ಟೇ ಎಂಬುದನ್ನೂ ಮರೆಯಬಾರದು. ಆದುದರಿಂದ, ಸೋದರಿಯರೆ, ಎದೆಯಲ್ಲಿ ಗಂಟು ಕಂಡರೆ ನಾಚಿಕೆಯಿಂದಲೋ ಮನೆಗೆಲಸದ ನೆಪದಿಂದಲೋ ಅದನ್ನು ಮುಚ್ಚಿಡಬೇಡಿರಿ. 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯು ಪರೇಲಿನಲ್ಲಿದೆ. ಕಾಂದಿವಲಿಯಿಂದ ಅಲ್ಲಿಗೆ ಲೋಕಲ್ ರೈಲಿನ ದಾರಿ.