ಖಡಕಿಯ ಮೀನುಗಳ ಪಟ್ಟಿ

1817ರ ನವೆಂಬರ್ 5ರ ಇಳಿಹೊತ್ತು ಪುಣೆಯ ಪಕ್ಕದ ಖಡಕಿಯ ಬಯಲಿನಲ್ಲಿ ಎರಡನೇ ಬಾಜೀರಾಯನ ಪಡೆಗೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಕಾಳಗ ನಡೆಯಿತು. ಮುಳಾ ಮತ್ತು ಮುಠಾ ಹೊಳೆಗಳ ಸಂಗಮದಲ್ಲಿದ್ದ ರೆಸಿಡೆಂಟ್ ಎಲ್ಫಿನ್‌ಸ್ಟನ್‌ನ ಬಂಗಲೆ ಅದೇ ದಿನ ಸುಟ್ಟು ಬೂದಿಯಾಯಿತು. ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ದಾಳಿ ಫಲಿಸಲಿಲ್ಲ. ಕೆಲವೇ ತಿಂಗಳಲ್ಲಿ ಪೇಶ್ವಾಯಿಯೇ ಮುಗಿಯಿತು. ಮರಾಠಿ ಚರಿತ್ರೆಯಲ್ಲಿ ಖಡಕಿಯ ಹೆಸರು ಬರುವುದು ಹೆಚ್ಚಾಗಿ ಈ ಕಾರಣಕ್ಕೆ.

ಆ ಕಾಳಗದಲ್ಲಿ ಕಂಪನಿಯ ಕಡೆ ಇದ್ದ ಅಧಿಕಾರಿಗಳಲ್ಲಿ ವಿಲಿಯಂ ಹೆನ್ರಿ ಸೈಕ್ಸ್ ಒಬ್ಬ. ಆಗ ಆತನಿಗೆ 27 ವರ್ಷ. ಮರಾಠಿ, ಹಿಂದಿ ಎರಡೂ ಬರುತ್ತಿದ್ದವು. 1824ರಲ್ಲಿ ಮುಂಬಯಿ ಸರ್ಕಾರ ಅವನನ್ನು ಅಂಕಿಅಂಶ ಸಂಗ್ರಹಿಸುವ ಕೆಲಸಕ್ಕೆ ನೇಮಿಸಿತು. ಗೆದ್ದ ಸೀಮೆಯಲ್ಲಿ ಎಷ್ಟು ಜನ, ಎಂಥ ಮಣ್ಣು, ಯಾವ ಬೆಳೆ, ಎಷ್ಟು ಮಳೆ ಎಂದು ಲೆಕ್ಕ ಹಾಕುವುದು ಆತನ ಉದ್ಯೋಗ. ಆ ನೆಪದಲ್ಲಿ ದಖ್ಖನ್ ಸುತ್ತಿದ ಸೈಕ್ಸ್ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಪಟ್ಟಿ ಮಾಡಿದ. ಕೊನೆಗೆ ಹೊಳೆಯ ಮೀನುಗಳನ್ನೂ ಬಿಡಲಿಲ್ಲ. ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮೂಲಕ 1839ರಲ್ಲಿ ಹೊರಬಂದ ಆ ಬರಹದಲ್ಲಿ ನಲವತ್ತಕ್ಕೂ ಹೆಚ್ಚು ಮೀನುಗಳಿವೆ. ಅವುಗಳಲ್ಲಿ ಬಹುಪಾಲು ಅಂದಿನ ವಿಜ್ಞಾನಕ್ಕೆ ಹೊಸವು. 1841ರಲ್ಲಿ ಚಿತ್ರಗಳ ಸಮೇತ ಪೂರ್ಣ ಪಾಠ ಪ್ರಕಟವಾಯಿತು.

ಈ ಪಟ್ಟಿಯ ಸೊಗಸು ಅದರ ಹೆಸರುಗಳಲ್ಲಿದೆ. ಮೂರ್ನಾಲ್ಕು ಮೀನುಗಳಿಗೆ ಸೈಕ್ಸ್ ತನ್ನ ಇಂಗ್ಲಿಷ್ ಗೆಳೆಯರ ಹೆಸರಿಟ್ಟ. ಉಳಿದವುಗಳಲ್ಲಿ ಎಷ್ಟೋ ಮೀನುಗಳಿಗೆ ಹೊಳೆದಂಡೆಯ ಜನ ಕರೆಯುತ್ತಿದ್ದ ಹೆಸರನ್ನೇ ಲ್ಯಾಟಿನ್ ಹೆಸರಿನ ಬಾಲಕ್ಕೆ ಜೋಡಿಸಿದ. ಖುದ್ರೀ, ಮುಸಲ್ಲಾ, ಕೋಲುಸ್, ಪೋಟೇಲ್, ನುಕ್ತಾ, ಮುಲ್ಯಾ, ಶಿಂಗ್ಟೀ, ಗೂಂಗ್ವಾರೀ. ಇಂದಿಗೂ ಜಗತ್ತಿನ ಯಾವ ಮೂಲೆಯ ಮೀನುವಿಜ್ಞಾನಿಯಾದರೂ ಈ ಮೀನುಗಳ ಬಗ್ಗೆ ಬರೆಯುವಾಗ ಆ ಮಾತುಗಳನ್ನೇ ಬಳಸಬೇಕು. ದಖ್ಖನ್ನಿನ ಮಹಶೀರ್ ಮೀನು ಇಂದು ಟಾರ್ ಖುದ್ರೀ. ಸೈಕ್ಸ್ ಅದನ್ನು ಕಂಡದ್ದು ಪುಣೆಯಿಂದ ಸುಮಾರು ಎಂಟು ಮೈಲಿ ಪೂರ್ವಕ್ಕೆ, ಮುಳಾ-ಮುಠಾ ಹೊಳೆಯಲ್ಲಿ. ಖಡಕಿಯನ್ನು ಬಳಸಿಕೊಂಡು ಬಂದ ನೀರೇ ಅದು.

ಮೀನಿನ ಮೂಲ ನಮೂನೆ ಯಾವ ಸಂಗ್ರಹಾಲಯದ ಸೀಸೆಯಲ್ಲೂ ಸಿಗುವುದಿಲ್ಲ. ಇರುವುದು ಬರಹ ಮತ್ತು ಚಿತ್ರ ಮಾತ್ರ. ಆದರೂ ಈ ಪಟ್ಟಿಗೆ ಬೆಲೆಯಿದೆ. ಕಾರ್ಖಾನೆ, ಅಣೆಕಟ್ಟು, ಒಳಚರಂಡಿ ಒಂದೂ ಇಲ್ಲದ ಕಾಲದಲ್ಲಿ ಈ ಹೊಳೆಯಲ್ಲಿ ಏನಿತ್ತು ಎಂಬುದಕ್ಕೆ ಅದು ಸಾಕ್ಷಿ. ನಮ್ಮ ಹೆಚ್ಚಿನ ಹೊಳೆಗಳಿಗೆ ಅಷ್ಟು ಹಿಂದಿನ ಸಾಕ್ಷಿಯೇ ಇಲ್ಲ.

ಹೋದ ನೀರು, ಬಂದ ನೀರು

ಕಾಳಗದ ಬಳಿಕ ಖಡಕಿ ದಂಡುಪ್ರದೇಶವಾಯಿತು. 1858ರಲ್ಲಿ ರೈಲು ಬಂತು, 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ. ಹೊಳೆಯ ಹಣೆಬರಹ ಬದಲಾದದ್ದು ಮಾತ್ರ ಇಲ್ಲಿಗಿಂತ ಹೆಚ್ಚಾಗಿ ಮೇಲ್ಭಾಗದಲ್ಲಿ. 1879ರಲ್ಲಿ ಮುಠಾಗೆ ಖಡಕವಾಸಲಾ ಅಣೆಕಟ್ಟು ಮುಗಿಯಿತು. 1920ರ ದಶಕದಲ್ಲಿ, ಸೇನಾಪತಿ ಬಾಪಟರ ನೇತೃತ್ವದಲ್ಲಿ ರೈತರು ಸತ್ಯಾಗ್ರಹ ಹೂಡಿದರೂ, ಮುಳಶಿಯಲ್ಲಿ ಟಾಟಾ ಕಂಪನಿಯ ಅಣೆಕಟ್ಟು ಎದ್ದು ನಿಂತಿತು. ಮುಳಾ ಪೂರ್ವಕ್ಕೆ ಹರಿಯುವ ಹೊಳೆ. ಅಣೆಕಟ್ಟಿನ ನೀರನ್ನು ಸಹ್ಯಾದ್ರಿಯ ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗೆ ಭಿರಾದಲ್ಲಿ ಬೀಳಿಸಿ ವಿದ್ಯುತ್ ಮಾಡಲಾಯಿತು. ಹಾಗೆ ಹೋದ ನೀರು ಖಡಕಿಗೆ ಮರಳುವುದಿಲ್ಲ.

ಹೊಲಸು ಎಷ್ಟು ಎಂಬುದು ಅರ್ಧ ಲೆಕ್ಕ ಮಾತ್ರ. ಅದನ್ನು ತೆಳುವಾಗಿಸಲು ಎಷ್ಟು ನೀರಿದೆ ಎಂಬುದು ಉಳಿದರ್ಧ. ಪುಣೆಯ ಹೊಳೆಗಳಲ್ಲಿ ಎರಡೂ ಒಟ್ಟಿಗೆ ಕೆಟ್ಟವು. ಒಂದು ಕಡೆ ಬೇಸಿಗೆಯ ಹರಿವು ಬತ್ತುತ್ತ ಬಂತು. ಇನ್ನೊಂದು ಕಡೆ ಊರು ಬೆಳೆಯುತ್ತ ಹೋಯಿತು. ಪಿಂಪರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಅದರ ಬೆನ್ನಿಗೆ ಪಿಂಪರಿ-ಚಿಂಚವಡ ದೇಶದ ದೊಡ್ಡ ಕೈಗಾರಿಕಾ ನಗರಗಳಲ್ಲೊಂದಾಯಿತು. ಆ ನಗರದ ನಡುವೆ ಹರಿಯುವ ಪವನಾ ಹೊಳೆ ಮುಳಾವನ್ನು ಕೂಡುವುದು ದಾಪೋಡಿಯ ಬಳಿ. ದಾಪೋಡಿಯ ಸೇತುವೆ ದಾಟಿದರೆ ಬೋಪೋಡಿ, ಖಡಕಿ. ಹೀಗೆ ಎರಡು ಹೊಳೆಗಳ ಕೊಳಚೆ ಹೊತ್ತ ನೀರು ಖಡಕಿಯನ್ನು ಸುತ್ತಿ, ಹೋಳ್ಕರ್ ಸೇತುವೆಯ ಕೆಳಗೆ ಹಾದು ಸಂಗಮಕ್ಕೆ ಹೋಗುತ್ತದೆ.

ಉಸಿರಿನ ಲೆಕ್ಕ

ಹೊಳೆಯ ಮಾಲಿನ್ಯವೆಂದರೆ ತೇಲುವ ಸತ್ತ ಮೀನುಗಳ ಚಿತ್ರ ಕಣ್ಣಮುಂದೆ ಬರುತ್ತದೆ. ಅಂಥ ದಿನಗಳೂ ಇರುತ್ತವೆ. ಆದರೆ ಜಾತಿಗೆ ಜಾತಿಯೇ ಹೊಳೆ ಬಿಟ್ಟು ಹೋಗುವುದು ಸಾಮಾನ್ಯವಾಗಿ ಸದ್ದಿಲ್ಲದೆ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ನೀರು, ಎಷ್ಟೇ ಶುದ್ಧವಾಗಿದ್ದರೂ, 30 ಡಿಗ್ರಿ ಶಾಖದಲ್ಲಿ ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳಬಲ್ಲದ್ದು ಏಳೂವರೆ ಮಿಲಿಗ್ರಾಂ ಮಾತ್ರ. ಮೀನಿನ ಬದುಕು ಶುರುವಾಗುವುದೇ ಇಂಥ ಬಡತನದಲ್ಲಿ. ಕೊಳಚೆ ಬಿದ್ದೊಡನೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಆ ಆಮ್ಲಜನಕಕ್ಕೆ ಪಾಲುದಾರರಾಗುತ್ತವೆ. ಜಲಕಳೆ, ಪಾಚಿ ಹೆಚ್ಚಿದ ನೀರಿನಲ್ಲಿ ರಾತ್ರಿಯ ಹೊತ್ತು ಅವೂ ಉಸಿರಾಡುತ್ತವೆ. ಬೆಳಗಿನ ಜಾವಕ್ಕೆ ಆಮ್ಲಜನಕ ತಳ ಕಾಣುತ್ತದೆ. ಮಧ್ಯಾಹ್ನ ಅಳೆದವರಿಗೆ ಸರಿಯಾಗಿ ಕಂಡ ಹೊಳೆಯಲ್ಲಿ ಬೆಳಗಿನ ಜಾವ ಮೀನು ಬಾಯಿ ಬಿಡುತ್ತಿರಬಹುದು.

ಕೊಳಚೆಯ ಜೊತೆ ಅಮೋನಿಯಾ ಬರುತ್ತದೆ. ಅದಕ್ಕೆ ಎರಡು ರೂಪ. ಒಂದು ಅಷ್ಟೇನೂ ಕಾಡುವುದಿಲ್ಲ. ಇನ್ನೊಂದು ಕಿವಿರಿನ ತೆಳುಪೊರೆ ದಾಟಿ ರಕ್ತಕ್ಕೆ ಸೇರುವ ವಿಷ. ನೀರಿನ ಕ್ಷಾರಗುಣವನ್ನು ಅಳೆಯುವ ಪಿಎಚ್ 7ರಿಂದ 8ಕ್ಕೆ ಏರಿದರೆ ಈ ವಿಷರೂಪದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಪಾಚಿಗಟ್ಟಿದ ಹೊಳೆಯಲ್ಲಿ ಬಿಸಿಲೇರಿದ ಹೊತ್ತಿಗೆ ಆಗುವುದು ಇದೇ. ಅಂದರೆ ಮೀನಿಗೆ ಬೆಳಗಿನ ಜಾವ ಉಸಿರಿಲ್ಲ, ಮಧ್ಯಾಹ್ನ ವಿಷ. ಅಮೋನಿಯಾ ಅರ್ಧ ಮಾರ್ಪಟ್ಟು ನೈಟ್ರೈಟ್ ಆದರೆ ಅದು ರಕ್ತದ ಹಿಮೋಗ್ಲೋಬಿನ್ ಹಿಡಿದು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಅಂಥ ರಕ್ತ ಆಮ್ಲಜನಕ ಹೊರುವುದಿಲ್ಲ. ಸೋಪಿನ ಪುಡಿಯಲ್ಲಿರುವ ಮಾರ್ಜಕಗಳು ಕಿವಿರಿನ ಲೋಳೆಯನ್ನು ತೊಳೆದುಬಿಡುತ್ತವೆ. ಕೆಲವು ಕೀಟನಾಶಕಗಳು ಹುಳುವಿನ ನರಕ್ಕೆ ಮಾಡಿದ್ದನ್ನೇ ಮೀನಿನ ನರಕ್ಕೂ ಮಾಡುತ್ತವೆ.

ದೊಡ್ಡ ಮೀನು ಇದನ್ನೆಲ್ಲ ಸ್ವಲ್ಪ ಕಾಲ ತಡೆದುಕೊಳ್ಳಬಹುದು, ಈಜಿ ಮೇಲಕ್ಕೆ ಹೋಗಬಹುದು. ಮೊಟ್ಟೆಗೆ ಆ ಅನುಕೂಲವಿಲ್ಲ. ಮಹಶೀರ್ ಮೊಟ್ಟೆ ನೀರಿಗಿಂತ ಭಾರ. ಅದು ತಳದ ಬೆಣಚುಕಲ್ಲುಗಳ ಸಂದಿಗೆ ಇಳಿಯುತ್ತದೆ. ಮರಿ ಹೊರಬರಲು ಮೂರು ನಾಲ್ಕು ದಿನ ಬೇಕು. ಬಂದ ಮರಿಯೂ ಹೊಟ್ಟೆಯಲ್ಲಿನ ಭಂಡಾರ ಕರಗುವವರೆಗೆ ಅದೇ ಕಲ್ಲುಗಳ ನಡುವೆ ಅಡಗಿರುತ್ತದೆ. ಅಷ್ಟು ದಿನವೂ ಕಲ್ಲಿನ ಸಂದಿಯಲ್ಲಿ ತಿಳಿನೀರು ಹಾಯುತ್ತಿರಬೇಕು. ಆ ಸಂದಿಗಳಲ್ಲಿ ಕಪ್ಪು ರಾಡಿ ತುಂಬಿದರೆ ತಾಯಿಮೀನು ಬದುಕಿದ್ದೂ ಸಂತಾನ ನಿಲ್ಲುತ್ತದೆ. ಮುಲ್ಯಾದಂತೆ ಬಂಡೆ ಕಚ್ಚಿಕೊಂಡು ಪಾಚಿ ಕೆರೆಯುವ ಮೀನಿಗೆ ಬಂಡೆಯೇ ಇಲ್ಲದಂತಾಗುತ್ತದೆ. ನದಿಯ ಕಪ್ಪೆಚಿಪ್ಪಿನ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಬಾಲ್ಯ ಕಳೆಯುತ್ತವೆ. ಮೀನು ಹೋದರೆ ಅವುಗಳ ಪೀಳಿಗೆಯೂ ನಿಲ್ಲುತ್ತದೆ. ಮುದಿ ಚಿಪ್ಪುಗಳು ಮಾತ್ರ ವರ್ಷಗಟ್ಟಲೆ ಬದುಕಿದ್ದು ಎಲ್ಲ ಸರಿಯಿದೆ ಎಂದು ತೋರಿಸುತ್ತಿರುತ್ತವೆ.

ಆಮೇಲೆ ಉಳಿಯುವವು ಯಾವು? ಮೇಲಕ್ಕೆ ಬಂದು ಗಾಳಿ ನುಂಗಬಲ್ಲ ಮೀನುಗಳು. ತಳದ ಕೆಸರಿನಲ್ಲಿ ತಮ್ಮದೇ ಹಿಮೋಗ್ಲೋಬಿನ್ ಇಟ್ಟುಕೊಂಡು ಬದುಕುವ ಕೆಂಪು ಹುಳುಗಳು. ಜೊತೆಗೆ ಹೊರಗಿನಿಂದ ಬಂದವು. ಸೊಳ್ಳೆ ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ, 1952ರಲ್ಲಿ ಬಂದ ತಿಲಾಪಿಯಾ, ಸರ್ಕಾರ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್. ಬಲೆಯಲ್ಲಿ ಮೀನು ಬೀಳುತ್ತಲೇ ಇರುತ್ತದೆ. ಬಿದ್ದದ್ದು ಯಾವ ಮೀನು ಎಂದು ನೋಡದವರಿಗೆ ಹೊಳೆ ಸತ್ತದ್ದು ಗೊತ್ತಾಗುವುದಿಲ್ಲ.

ಪುಣೆಯಲ್ಲಿ ಹಾಗೆ ನೋಡಿದವರಿದ್ದರು. 1942ರಲ್ಲಿ ಫ್ರೇಸರ್ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪುಣೆಯ ಮೀನುಗಳ ಬಗ್ಗೆ ಬರೆದರು. 1963ರಲ್ಲಿ ತೋಣಪಿ ಮತ್ತು ಮುಳ್ಹೇರಕರ್ ಮತ್ತೆ ಪಟ್ಟಿ ಮಾಡಿದರು. 2003ರಲ್ಲಿ ವಾಘ್ ಮತ್ತು ಘಾಟೆ ಮುಳಾ, ಮುಠಾ ಎರಡನ್ನೂ ಹುಡುಕಿ ಹಳೆಯ ಪಟ್ಟಿಗಳೊಡನೆ ಹೋಲಿಸಿದರು. ಹಿಂದೆ ದಾಖಲಾದ ಹಲವು ಮೀನುಗಳು ಸಿಗಲಿಲ್ಲ. ಊರಿನ ಒಳಗಿನ ಹೊಳೆಯಲ್ಲಿ ನಷ್ಟ ಹೆಚ್ಚು. ಸೈಕ್ಸ್ ಕೊಟ್ಟ ಹೆಸರುಗಳಲ್ಲಿ ಎಷ್ಟೋ ಈಗ ಮೇಲ್ಭಾಗದ ಹಳ್ಳಗಳಿಗೆ, ಕೃಷ್ಣಾ ಕೊಳ್ಳದ ಬೇರೆ ಹೊಳೆಗಳಿಗೆ ಸರಿದಿವೆ.

ಉದ್ದೇಶವಿಲ್ಲದ ವಿಷ

ಹೊಳೆಗೆ ವಿಷ ಹಾಕುವುದನ್ನು ಈ ದೇಶದ ಕಾನೂನು ಬಹಳ ಹಿಂದೆಯೇ ಅಪರಾಧವೆಂದಿದೆ. ಅದಕ್ಕೆ ಕನ್ನಡನಾಡಿನ ನಂಟೂ ಇದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಮೀನುಗಾರಿಕೆಯ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಹೊಳೆಗೆ ವಿಷ ಕಲಸಿ ಮೀನು ಹಿಡಿಯುವುದರ ವಿರುದ್ಧ ಅವನಂಥವರು ದನಿಯೆತ್ತಿದರು. 1897ರ ಭಾರತೀಯ ಮೀನುಗಾರಿಕಾ ಕಾಯ್ದೆ ಅದನ್ನು ಒಪ್ಪಿ, ಮೀನು ಹಿಡಿಯುವ ಇಲ್ಲವೇ ಕೊಲ್ಲುವ ಉದ್ದೇಶದಿಂದ ನೀರಿಗೆ ವಿಷ, ಸುಣ್ಣ ಹಾಕಿದವರಿಗೆ ಎರಡು ತಿಂಗಳವರೆಗೆ ಸೆರೆ ಅಥವಾ ಇನ್ನೂರು ರೂಪಾಯಿವರೆಗೆ ದಂಡ ಎಂದಿತು.

‘ಉದ್ದೇಶದಿಂದ’ ಎಂಬ ಆ ಒಂದು ಮಾತಿನಲ್ಲಿ ಇಡೀ ಶತಮಾನದ ಕಥೆ ಅಡಗಿದೆ. ಕಾಡುಕಾಯಿ ಜಜ್ಜಿ ಮಡುವಿಗೆ ಹಾಕಿದ ಬಡವ ಅಪರಾಧಿ. ಮೀನಿನ ಗೊಡವೆಯೇ ಇಲ್ಲದೆ, ಊರಿನ ಹೊಲಸನ್ನೆಲ್ಲ ಹೊಳೆಗೆ ತಿರುಗಿಸಿದವರಿಗೆ ಆ ಕಲಮು ತಟ್ಟುವುದೇ ಇಲ್ಲ. 1860ರ ದಂಡ ಸಂಹಿತೆ ನೀರು ಕೆಡಿಸುವುದನ್ನು ಅಪರಾಧವೆಂದರೂ ಹೇಳಿದ್ದು ಸಾರ್ವಜನಿಕ ಬುಗ್ಗೆ ಅಥವಾ ಜಲಾಶಯದ ಮಾತು. ಹರಿಯುವ ನದಿಯ ಹೆಸರು ಅಲ್ಲಿಲ್ಲ. ಮಹಾರಾಷ್ಟ್ರ ಜಲಮಾಲಿನ್ಯ ತಡೆಗೆ ತನ್ನದೇ ಕಾಯ್ದೆ ಮಾಡಿದ್ದು 1969ರಲ್ಲಿ, ಕೇಂದ್ರದ ಜಲ ಕಾಯ್ದೆ ಬಂದದ್ದು 1974ರಲ್ಲಿ. ಅಷ್ಟರಲ್ಲಿ ಪಿಂಪರಿಯ ಕೈಗಾರಿಕೆಗಳು ಬೇರೂರಿ ಆಗಿತ್ತು.

ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ದೇವಸ್ಥಾನದ ಮುಂದೆ ಕಪಿಲಾ ಹೊಳೆಯಲ್ಲಿ ಮಹಶೀರ್‌ಗಳು ದೇವರ ಮೀನೆಂದು ನಿರ್ಭಯವಾಗಿ ಬದುಕುತ್ತವೆ. 1996ರಲ್ಲಿ ಯಾರೋ ಅಲ್ಲಿ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ದುಃಖಪಟ್ಟರು, ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನುಗಳು ಮತ್ತೆ ತುಂಬಿಕೊಂಡವು, ಏಕೆಂದರೆ ಹೊಳೆ ಹೊಳೆಯಾಗಿಯೇ ಇತ್ತು. ಮುಳಾದ ಮೀನುಗಳು ಒಂದೇ ದಿನ ಸಾಯಲಿಲ್ಲ, ಕೊಂದವರು ಒಬ್ಬಿಬ್ಬರಲ್ಲ. ಅದಕ್ಕೇ ಅವುಗಳಿಗೆ ಸ್ಮಾರಕವೂ ಇಲ್ಲ.

ಉಳಿದ ಮೀನು, ಉಳಿಯದ ಹೊಳೆ

ಖುದ್ರೀ ಮಾತ್ರ ಅಳಿಯಲಿಲ್ಲ. 1970ರ ದಶಕದ ಆರಂಭದಲ್ಲಿ ಮೀನುವಿಜ್ಞಾನಿ ಸಿ. ವಿ. ಕುಲಕರ್ಣಿಯವರ ಮಾರ್ಗದರ್ಶನದಲ್ಲಿ ಲೋಣಾವಳೆಯ ಟಾಟಾ ಸರೋವರದ ಬಳಿ ಅದಕ್ಕೆ ಕೃತಕವಾಗಿ ಮರಿ ಮಾಡಿಸುವ ಕೆಲಸ ಕೈಗೂಡಿತು. ಲಕ್ಷಗಟ್ಟಲೆ ಮರಿಗಳು ಬೆಳೆದವು, ದೇಶದ ನಾನಾ ಹೊಳೆಗಳಿಗೆ ಹೋದವು. ಅವುಗಳಲ್ಲಿ ಕಾವೇರಿಯೂ ಒಂದು.

ಕಾವೇರಿಗೆ ತನ್ನದೇ ಮಹಶೀರ್ ಇತ್ತು. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯ, ಜಗತ್ತಿನಲ್ಲೇ ಅತಿ ದೊಡ್ಡದಾಗಿ ಬೆಳೆಯುವ ಮಹಶೀರ್. ಗಾಳಿಬೋರೆಯ ಸುತ್ತ 1998ರಿಂದ 2012ರವರೆಗೆ ಗಾಳ ಹಾಕಿದವರು ಬರೆದಿಟ್ಟ ಲೆಕ್ಕಗಳನ್ನು ವಿಜ್ಞಾನಿಗಳು ತೆಗೆದು ನೋಡಿದಾಗ, ನೀಲಿ ರೆಕ್ಕೆಯ ಹೊಸಬ ಹೆಚ್ಚುತ್ತ, ಉಬ್ಬುಬೆನ್ನಿನ ಹಳಬ ಕುಸಿಯುತ್ತ ಬಂದದ್ದು ಕಂಡಿತು. 2018ರಲ್ಲಿ ಕಾವೇರಿಯ ಆ ಮೀನು ಟಾರ್ ರೆಮಾದೇವಿ ಎಂದು ಗುರುತಾಯಿತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಕೆಡುಕು ಬಯಸಿದವರು ಯಾರೂ ಇರಲಿಲ್ಲ. ಒಂದು ಹೊಳೆಯ ಮೀನನ್ನು ಉಳಿಸಹೊರಟವರಿಗೆ, ಮೀನನ್ನು ಅದರ ಹೊಳೆಯಿಂದ ಬೇರೆ ಮಾಡಿ ಉಳಿಸಬಹುದು ಎನಿಸಿತ್ತು, ಅಷ್ಟೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಪಟ್ಟಿಯಲ್ಲಿ ದೇಶದ 351 ಮಲಿನ ನದೀಭಾಗಗಳಿವೆ. ಅವುಗಳಲ್ಲಿ 53 ಮಹಾರಾಷ್ಟ್ರದವು. ಮುಳಾ, ಮುಠಾ, ಪವನಾ, ಭೀಮಾ ಎಲ್ಲವೂ ಅದರಲ್ಲಿವೆ. 2016ರಲ್ಲಿ ಜಪಾನಿನ ಸಾಲದ ನೆರವಿನಿಂದ ಪುಣೆಯಲ್ಲಿ 11 ಕೊಳಚೆ ಶುದ್ಧೀಕರಣ ಘಟಕಗಳ, ಸುಮಾರು 990 ಕೋಟಿ ರೂಪಾಯಿಯ ಯೋಜನೆ ಮಂಜೂರಾಯಿತು. ಅದು ಬೇಕಾದದ್ದೇ. ಆದರೆ ಮೀನಿಗೆ ಯೋಗ್ಯವಾದ ನೀರೆಂದರೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಎಂದು ಅದೇ ಮಂಡಳಿ ಹೇಳುತ್ತದೆ. ಅದು ಬದುಕಿರಲು ಸಾಲುವ ಅಳತೆ. ಸೈಕ್ಸನ ಮೀನುಗಳಿಗೆ ಅದರ ಜೊತೆ ಬೇಸಿಗೆಯಲ್ಲೂ ಹರಿಯುವ ನೀರು ಬೇಕು, ರಾಡಿಯಿಲ್ಲದ ಕಲ್ಲುತಳ ಬೇಕು.

ಖಡಕಿ ದಾಟಿದ ನೀರು ಸಂಗಮ ಸೇರಿ, ಮುಳಾ-ಮುಠಾ ಆಗಿ ಭೀಮೆಯನ್ನು ಕೂಡಿ, ಉಜನಿ ಜಲಾಶಯದಲ್ಲಿ ನಿಂತು, ವಿಜಯಪುರ, ಕಲಬುರಗಿ, ಯಾದಗಿರಿಯ ಸೀಮೆಗಳನ್ನು ಹಾದು ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ಕನ್ನಡದ ಹೊಲಗಳಿಗೆ ಬರುವ ಆ ನೀರು ಎಷ್ಟು ಚೊಕ್ಕವಾಗಿದೆ ಎಂದು ಅಳೆಯಲು ಯಂತ್ರಗಳಿವೆ. ಅವುಗಳ ಜೊತೆಗೆ 1839ರ ಆ ಪಟ್ಟಿಯನ್ನೂ ಇಟ್ಟುಕೊಳ್ಳಬಹುದು. ಹೋಳ್ಕರ್ ಸೇತುವೆಯ ಕೆಳಗಿನ ಕಲ್ಲುಗಳ ನಡುವೆ ಖುದ್ರೀ ಮತ್ತೆ ಮೊಟ್ಟೆಯಿಟ್ಟು ಮರಿ ಮಾಡಿದ ದಿನ ಹೊಳೆ ಚೊಕ್ಕವಾಯಿತೆಂದು ನಂಬಬಹುದು.